ಅವರ ಪಾಲಿನ ಕೆಲಸ

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಒಬ್ಬರು ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು, ತುಮಕೂರು ಕಡೆಯವರು. ಇನ್ನೊಬ್ಬರು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಇದೇ ನೆಲದವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲಿಗೆ ಕ್ಯಾಲಿಪರ್ ಹಾಕಿಕೊಂಡು ಓಡಾಡುವವರು. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬರ ನಡುವೆ ನಡೆದ ಮಾತುಕತೆ ಇದು.

ಶಿಕ್ಷಕ: ಅಕ್ಕಾ, ನಮ್ಮ ನಾಲ್ಕನೇ ತರಗತಿಯ ಹಾಜರಿಯಲ್ಲಿ ಒಬ್ಬ ಹುಡುಗನ ಹೆಸರಿದೆ. ಗೃಹಾಧಾರಿತ ಶಿಕ್ಷಣ ಅಂತ ಬರೆದಿದೆ. ಸಂಪನ್ಮೂಲ ಶಿಕ್ಷಕರು ಮನೆಗೇ ಹೋಗಿ ಕಲಿಸಿ ಬರ್ತಾರೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಅವನ ತರಗತಿಯ ಮಕ್ಕಳನ್ನು ಕೇಳಿದರೆ ಅರ್ಧ ಜನಕ್ಕೆ ಅವನ ಮುಖವೇ ಗೊತ್ತಿಲ್ಲ. ಇದು ನನ್ನನ್ನು ತುಂಬಾ ಕಾಡ್ತಿದೆ.

ಕಾರ್ಯಕರ್ತೆ: ಕಾಡಬೇಕಾದ ಮಾತ ಅದು, ಸರ್. ಪಾಠ ಮನಿಗೆ ಬಂತು, ಮಾಸಾಶನ ಖಾತೆಗೆ ಬಂತು, ಆದ್ರ ಹುಡುಗ ಮಾತ್ರ ಹೊಸ್ತಿಲ ದಾಟಲಿಲ್ಲ. ನಾ ಪಂಚಾಯತಿ ಕೆಲಸಕ್ಕ ಬರೂಕಿಂತ ಮೊದಲ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನ ಹಳ್ಳಿ ತಿರುಗೇನಿ. ಎಲ್ಲಾ ಕಡೆ ಒಂದ ಮಾತು ಕೇಳೇನಿ. 'ಮೊದಲ ಅವನ ಕಾಲು ನೆಟ್ಟಗಾಗ್ಲಿ, ಆಮ್ಯಾಲ ಜಾತ್ರಿಗೆ ಕರ್ಕೊಂಡು ಹೋಗೂಣು.' 'ಮೊದಲ ಅಕಿಗೆ ಮಾತು ಬರ್ಲಿ, ಆಮ್ಯಾಲ ಅಂಗನವಾಡಿಗೆ ಕಳಸೂಣು.' ಸೆರೆಬ್ರಲ್ ಪಾಲ್ಸಿ ಬಂದು ಹೋಗೂ ಜ್ವರ ಅಲ್ರಿ. ಪೂರಾ ಆರಾಮ ಆಗ್ಲಿ ಅಂತ ಕಾಯ್ಕೋತ ಕುಂತ್ರ ಕೂಸಿನ ಬಾಲ್ಯನ ಮುಗದು ಹೋಗ್ತೈತಿ.

ಶಿಕ್ಷಕ: ಹಾಗಂತ ಚಿಕಿತ್ಸೆ, ವ್ಯಾಯಾಮ ಬೇಡ ಅನ್ನೋಕಾಗಲ್ಲವಲ್ಲ?

ಕಾರ್ಯಕರ್ತೆ: ಬೇಕ ಬೇಕ್ರಿ. ಫಿಜಿಯೊಥೆರಪಿ ಬಿಟ್ರ ಸ್ನಾಯು ಬಿಗಿತಾವ, ಕೀಲು ಸೆಟೀತಾವ. ಆದ್ರ ವ್ಯಾಯಾಮ ಮುಗದ ಮ್ಯಾಲ ಬದುಕು ಚಾಲೂ ಆಗ್ತೈತಿ ಅನ್ನೂದು ಸುಳ್ಳು. ಎರಡೂ ಕೂಡೇ ನಡೀಬೇಕು. ಒಂದು ಹೇಳ್ತೇನಿ ಕೇಳ್ರಿ. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ಒಂಬತ್ತು ವರ್ಷದ ಹುಡುಗ. ಬಲಗೈ ಮುಷ್ಟಿ ಸದಾ ಬಿಗಿ, ಕುತಗಿ ಒಂದು ಕಡೆ ವಾಲ್ತಿತ್ತು. ದಿನಾ ಬೆರಳು ಬಿಡಸ್ರಿ ಅಂತ ಅವರವ್ವಗ ಹೇಳಿದ್ವಿ. ಅಕಿ ಬಿಡಸಾಕ ಹೋದ್ರ ಹುಡುಗ ಅಳಾಂವ, ಅಕಿನೂ ಅಳಾಕಿ. ಆಗ ಮಣ್ಣೆತ್ತಿನ ಅಮಾಸಿ ಬಂತು. ಓಣಿ ಹುಡುಗ್ರು ಹೊಲದಿಂದ ಎರಿಮಣ್ಣು ತಂದು ಕಟ್ಟಿ ಮ್ಯಾಲ ಎತ್ತು ಮಾಡಾಕ ಕುಂತ್ರು. ನಾವು ಅವನ ಮೂಲಿ ಕುರ್ಚಿನ ಎತ್ತಿ ತಂದು ಕಟ್ಟಿ ಮ್ಯಾಲ ಇಟ್ವಿ. ಬೆನ್ನಿಗೆ ಎರಡೂ ಕಡೆ ಆಸರ, ಸೊಂಟಕ್ಕ ಅಗಲ ಪಟ್ಟಿ, ಪಾದದ ಕೆಳಗ ಹಲಗಿ. ಪಾದ ಊರಿತು ಅಂದ್ರ ಮೈ ನೆಟ್ಟಗ ನಿಲ್ತೈತಿ, ಮೈ ನೆಟ್ಟಗಾತು ಅಂದ್ರ ಕೈ ಬಿಡುವಾಗ್ತಾವ.

ಶಿಕ್ಷಕ: ಎತ್ತು ಮಾಡಿದನಾ?

ಕಾರ್ಯಕರ್ತೆ: ಎತ್ತು ಮಾಡಾಕ ಆಗಲಿಲ್ಲ. ಆದ್ರ ಎತ್ತಿಗೆ ಮೇವು ತಿನ್ನಾಕ ಗ್ವಾದಲಿ ಬೇಕಲ್ರಿ? ಒಂದು ಹುಡುಗಿ ಹಸಿಮಣ್ಣಿನ ಉಂಡಿ ಮಾಡಿ ಅವನ ಮುಂದ ಇಟ್ಲು. ಇಂವ ಮುಷ್ಟಿ ಎತ್ತಿ ಒತ್ತಿದ. ನಡುವ ತಗ್ಗು ಬಿತ್ತು. ಅದ ಗ್ವಾದಲಿ! ಆ ಬಿಗಿ ಮುಷ್ಟಿನ ಅವತ್ತು ಕೆಲಸಕ್ಕ ಬಂತು. ಓಣಿಯ ಎಲ್ಲಾ ಜೋಡಿ ಎತ್ತಿಗೂ ಅವನ ಗ್ವಾದಲಿ ಮಾಡಿದ. ಮಣ್ಣಿನ ತಂಪಿಗೆ ಬೆರಳು ತಾವ ಸಡಿಲ ಆದ್ವು, ಅಳು ಇಲ್ಲ, ಒತ್ತಾಯ ಇಲ್ಲ. ಮರುವರ್ಷ ನಾ ಹೋಗಿ ಹೇಳೂ ಮೊದಲ ಹುಡುಗ್ರು ಬಂದು ಅವನ ಕುರ್ಚಿ ಹೊತ್ಕೊಂಡು ಹೋಗಿದ್ರು.

ಶಿಕ್ಷಕ: ಅವನಿಗೋಸ್ಕರ ಬೇರೆ ಕಾರ್ಯಕ್ರಮವನ್ನೇನೂ ಹುಟ್ಟುಹಾಕಲಿಲ್ಲ ನೀವು. ಊರಲ್ಲಿ ಇದ್ದ ಹಬ್ಬದಲ್ಲೇ ಅವನಿಗೊಂದು ಜಾಗ ಹುಡುಕಿದಿರಿ.

ಕಾರ್ಯಕರ್ತೆ: ಜಾಗ ಅಷ್ಟ ಸಾಲಂಗಿಲ್ಲ ಸರ್, ಕೆಲಸ ಹುಡುಕಬೇಕು. ಕೂಸನ್ನ ತಂದು ಒಂದು ಮೂಲಿಗೆ ಕೂಡ್ರಿಸಿ 'ನೋಡು ಮಗಾ' ಅಂದ್ರ ಅದು ಬಂದಂಗ ಆತು, ಕೂಡಿದಂಗ ಆಗಲಿಲ್ಲ. ಯಾವುದ ಕೂಟಕ್ಕೂ ಸಣ್ಣ ದೊಡ್ಡ ಹತ್ತು ಕೆಲಸ ಇರ್ತಾವ. ಅದರಾಗ ಒಂದು ಈ ಕೂಸಿನ ಪಾಲಿಂದು ಅಂತ ಮೊದಲ ತೆಗೆದಿಡಬೇಕು. ಅದು ಖರೇ ಕೆಲಸ ಆಗಿರಬೇಕು. ಗ್ವಾದಲಿ ಇಲ್ಲ ಅಂದ್ರ ಎತ್ತಿನ ಪೂಜಿ ಪೂರಾ ಆಗಂಗಿಲ್ಲ. ಅವ ಮಾಡ್ಲಿಲ್ಲ ಅಂದ್ರ ಏನೋ ಕಮ್ಮಿ ಆತು ಅಂತ ಉಳಿದವರಿಗೆ ಅನಸಬೇಕು.

ಶಿಕ್ಷಕ: ನೀವು ಹೇಳಿದ್ದನ್ನೇ ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ರೀತಿಯಲ್ಲಿ ಹೇಳಿದೆ. ಸಮುದಾಯ ಆಧಾರಿತ ಪುನರ್ವಸತಿಗೆ ಅದು 2010ರಲ್ಲಿ ಮಾರ್ಗಸೂಚಿ ತಂದಾಗ ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಎಂದು ಐದು ಭಾಗ ಮಾಡಿತು. ಆಟ, ಕಲೆ, ಹಬ್ಬ, ಸಂಬಂಧಗಳು ಆಸ್ಪತ್ರೆಯಷ್ಟೇ ಮುಖ್ಯ ಅಂತ ಅದರರ್ಥ. ಆದರೆ ಒಂದು ಅಂಜಿಕೆ ಇದೆ ಅಕ್ಕಾ. ಬೇರೆ ಮಕ್ಕಳು ಆಡಿಕೊಂಡರೆ? ಬಿದ್ದು ಪೆಟ್ಟಾದರೆ? ಆ ತಾಯಿಗೆ ನಾನೇನು ಹೇಳಲಿ?

ಕಾರ್ಯಕರ್ತೆ: ಅಂಜಿಕಿ ಖರೇ ಐತಿ, ಅದನ್ನ ಸಣ್ಣದು ಅನ್ನಬಾರದು. ಮೂರ್ಛೆ ರೋಗ ಇರೂ ಕೂಸಿಗೆ ಗುಳಿಗಿ ಒಂದು ಹೊತ್ತೂ ತಪ್ಪಬಾರದು, ನೀರಿನ ದಂಡಿಗೆ, ಎತ್ತರದ ಜೋಕಾಲಿಗೆ ಒಬ್ಬನ್ನ ಬಿಡಬಾರದು. ನೆರಳು ಎಲ್ಲೈತಿ, ನೀರು ಎಲ್ಲೈತಿ, ಸಂಡಾಸ ಎಷ್ಟು ದೂರ ಅಂತ ಮೊದಲ ನೋಡ್ಕೋಬೇಕು. ಸಂಡಾಸ ಇಲ್ಲ ಅಂತನ ದೊಡ್ಡ ಹೆಣ್ಣುಮಕ್ಕಳು ಮನ್ಯಾಗ ಉಳಿದಿದ್ದನ್ನ ಬಾಳ ನೋಡೇನಿ. ಇನ್ನ ಆಡಿಕೊಳ್ಳೂ ಮಾತು. ಸಣ್ಣ ಹುಡುಗ್ರು ಬಾಯಿಬಿಟ್ಟು ಕೇಳ್ತಾವ, 'ಇವನ ಬಾಯಾಗ ಜೊಲ್ಲು ಯಾಕ ಸುರೀತೈತಿ?' ಅಂತ. 'ನುಂಗೂ ಸ್ನಾಯು ಅವನ ಮಾತು ಕೇಳಂಗಿಲ್ಲ, ಅದಕ್ಕ' ಅಂತ ಸರಳ ಹೇಳಿದ್ರ ಅಲ್ಲಿಗೆ ಮುಗೀತು, ಆಟಕ್ಕ ಹೋಗ್ತಾವ. ತ್ರಾಸ ಕೊಡೂದು ದೊಡ್ಡವರ ಬಾಯಿ. 'ಅಯ್ಯ ಪಾಪ, ಯಾವ ಜನ್ಮದ ಕರ್ಮೋ' ಅಂತಾರಲ್ಲ, ಆ ಮಾತು ಕೇಳಿ ಅವ್ವಂದಿರು ಬಾಗಿಲ ಹಾಕ್ಕೋತಾರ.

ಶಿಕ್ಷಕ: ಕರ್ಮ ಅನ್ನೋ ಮಾತು ನಾನೂ ಕೇಳಿದ್ದೇನೆ. ಹೆರಿಗೆ ಹೊತ್ತಲ್ಲಿ ಮಗುವಿಗೆ ಉಸಿರು ತಡವಾದರೆ ಮಿದುಳಿಗೆ ಪೆಟ್ಟಾಗುತ್ತೆ, ರಕ್ತಸಂಬಂಧದ ಮದುವೆಯಿಂದ ಕೆಲವು ಕಾಯಿಲೆ ಹೆಚ್ಚುತ್ತವೆ, ಈ ಭಾಗದ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು, ಮೂಳೆ ಹಾಳಾಗುತ್ತವೆ. ಇಷ್ಟು ಕಾರಣಗಳು ಕಣ್ಣ ಮುಂದೆ ಇದ್ದರೂ ಜನ ಪೂರ್ವಜನ್ಮಕ್ಕೆ ಹೋಗ್ತಾರೆ.

ಕಾರ್ಯಕರ್ತೆ: ಕಾರಣ ಹೇಳ್ಕೋತ ಇರಬೇಕು ಸರ್, ಬಿಡಬಾರದು. ಆದ್ರ ಕರ್ಮದ ಮಾತು ಭಾಷಣಕ್ಕ ಹೋಗಂಗಿಲ್ಲ. ಆ ಕೂಸು ಕೆಲಸ ಮಾಡೂದನ್ನ ಕಣ್ಣಾರೆ ಕಂಡಾಗ ಹೋಗ್ತೈತಿ. ಇನ್ನೊಂದು ಮಾತು, ಕೂಸಿನ ಜೋಡಿ ಅವರವ್ವ ಅಲ್ಲ, ಓರಗಿ ಹುಡುಗ ಇರಬೇಕು. ಅವ್ವ ಹಿಂದ ನಿಂತ್ರ ಉಳಿದ ಮಕ್ಕಳು ಹತ್ರ ಬರಂಗಿಲ್ಲ. ಒಬ್ಬ ಗೆಳ್ಯಾಗ ಕುರ್ಚಿ ಹೆಂಗ ದಬ್ಬೂದು, ನೀರು ಹೆಂಗ ಕುಡಿಸೂದು, ಯಾವಾಗ ದೊಡ್ಡವರನ್ನ ಕರೀಬೇಕು ಅಂತ ಕಲಿಸಿಬಿಡ್ರಿ. ಅವ್ವ ಕೂಗಳತೆ ದೂರದಾಗ ಇದ್ರ ಸಾಕು.

ಶಿಕ್ಷಕ: ಎಲ್ಲ ಮಕ್ಕಳ ಕಷ್ಟವೂ ಒಂದೇ ಥರ ಇರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಹೆಸರಿಸಿದ್ದಾರೆ. 1995ರ ಕಾಯ್ದೆಯಲ್ಲಿ 7 ಮಾತ್ರ ಇದ್ದವು. ಎಲ್ಲರಿಗೂ ಒಂದೇ ಉಪಾಯ ನಡೆಯೋದಿಲ್ಲ.

ಕಾರ್ಯಕರ್ತೆ: ನಡೆಯಂಗಿಲ್ಲ. ಕಣ್ಣು ಕಾಣದ ಕೂಸಿಗೆ ಚೆಂಡಿನೊಳಗ ಗೆಜ್ಜಿ ಹಾಕಿದ್ರ ಸಪ್ಪಳದ ಮ್ಯಾಲ ಹಿಡೀತಾನ. ಆಟದ ಗೆರಿ ಸುಣ್ಣದಾಗ ಹಾಕೂದರ ಬದಲಿ ಹಗ್ಗ ಹಾಸಿ ಮ್ಯಾಲ ಮಣ್ಣು ಎಳದ್ರ ಕಾಲಿಗೆ ತಿಳೀತೈತಿ. ಕಿವಿ ಕೇಳದ ಹುಡುಗಿ ಇದ್ದ ಓಣ್ಯಾಗ ನೆರೆಹೊರೆಯವ್ರು ಅಕಿಯ ಹತ್ತು ಸನ್ನಿ ಕಲತ್ರ ಸಾಕು, ಅಕಿ ಅಂಗಡಿಗೂ ಹೋಗ್ತಾಳ, ನೀರಿಗೂ ಹೋಗ್ತಾಳ. ದಸರಾದಾಗ ಬನ್ನಿ ಕೊಡಾಕ ಮಾತು ಬೇಕೇನ್ರಿ? ಎಲಿ ಕೊಟ್ಟು ಕಾಲಿಗೆ ಬಿದ್ರ ಆತು. ಗಂಗಾವತಿ ಕಡೆ ಒಬ್ಬಾಕಿ ಹಂಗ ಮನಿಮನಿಗೆ ಹೋಗಿ ಬನ್ನಿ ಕೊಟ್ಟು ಬಂದ್ಲು. ಅಕಿ ಆ ಊರಾಗ ಅದಾಳ ಅಂತ ಕೆಲವರಿಗೆ ಗೊತ್ತಾಗಿದ್ದ ಅವತ್ತು.

ಶಿಕ್ಷಕ: ಆಟಿಸಂ ಇರುವ ಮಗುವಿಗೆ ಗದ್ದಲವೇ ಹಿಂಸೆ. ಅಂಥ ಮಗುವನ್ನು ಮೊಹರಂನ ಅಲಾಯಿ ಕುಣಿತಕ್ಕೆ, ತೇರಿಗೆ ಕರೆದೊಯ್ಯೋದು ಸರಿಯಾ?

ಕಾರ್ಯಕರ್ತೆ: ಎಳಕೊಂಡು ಹೋಗಬಾರದು. ಹಲಗಿ ಬಡಿಯಾಕ ಹತ್ತೂ ಮೊದಲ ಮುಂಜಾನಿ ಕರ್ಕೊಂಡು ಹೋಗ್ರಿ. ಬರಿದಾದ ಬಯಲು ನೋಡ್ಲಿ, ಅಲಾಯಿ ಕುಣಿ ನೋಡ್ಲಿ, ತೇರಿನ ಗಾಲಿ ಮುಟ್ಟಿ ನೋಡ್ಲಿ. ಕಿವಿಗೆ ಅರಳಿ ಇಡ್ರಿ. ಸಾಕಾತು ಅನ್ನಾಕ ಒಂದು ಸನ್ನಿ ಕಲಿಸಿರಿ, ಆ ಸನ್ನಿ ಮಾಡಿದ ಕೂಡ್ಲೆ ಮನಿಗೆ ಕರ್ಕೊಂಡು ಬರ್ರಿ. 'ಇನ್ನೊಂಚೂರು ಇರು' ಅನ್ನಬಾರದು. ಅದರ ಮಾತು ನಡೀತೈತಿ ಅಂತ ತಿಳಿದ್ರ ಕೂಸು ಮುಂದಿನ ಸಲ ಇನ್ನಷ್ಟು ಹೊತ್ತು ನಿಲ್ತೈತಿ. ಬ್ಯಾಡ ಅನ್ನೂ ಹಕ್ಕೂ ಅವರದ ಸರ್.

ಶಿಕ್ಷಕ: ನೀವು ಹೆಚ್ಚಾಗಿ ಹಬ್ಬದ ಮಾತೇ ಹೇಳಿದಿರಿ. ಹಬ್ಬ ವರ್ಷಕ್ಕೊಮ್ಮೆ ಬರುತ್ತೆ. ಉಳಿದ ದಿನಗಳು?

ಕಾರ್ಯಕರ್ತೆ: ಅದ ದೊಡ್ಡ ಮಾತು. ಹಬ್ಬ ಬಾಗಿಲ ತೆಗೀತೈತಿ, ಒಳಗ ಕರ್ಕೊಳ್ಳೂದು ದಿನದ ಬದುಕು. ಊರಾಗ ಜನ ಎಲ್ಲಿ ಕೂಡ್ತಾರ ನೋಡ್ರಿ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ನಳದ ಕಟ್ಟಿ, ಹಾಲಿನ ಡೇರಿ, ಗುಡಿ ಕಟ್ಟಿ. ಬುದ್ಧಿ ಬೆಳವಣಿಗೆ ನಿಧಾನ ಇರೂ ಒಬ್ಬ ಹುಡುಗಗ ಕೊಪ್ಪಳ ತಾಲ್ಲೂಕಿನ್ಯಾಗ ಗಿರಣಿಗೆ ಹೋಗೂದು ಕಲಿಸಿದ್ವಿ. ಒಮ್ಮಿಗೆ ಎಲ್ಲಾ ಕಲಿಸಲಿಲ್ಲ. ಮೊದಲ ಅಕ್ಕನ ಜೋಡಿ ಜ್ವಾಳದ ಡಬ್ಬಿ ಹೊತ್ಕೊಂಡು ಹೋಗೂದು. ಆಮ್ಯಾಲ ಪಾಳಿ ಹಚ್ಚೂದು. ಆಮ್ಯಾಲ ರೊಕ್ಕ ಕೊಟ್ಟು ಚಿಲ್ಲರ ಇಸ್ಕೊಳ್ಳೂದು. ಕಡೀಕ ಅಕ್ಕ ಓಣಿ ತಿರುವಿಗೆ ನಿಂತ್ಲು, ಇಂವ ಒಬ್ಬನ ಹೋಗಿ ಬಂದ. ಗಿರಣಿಯವ್ರು ಮೊದಲ ಅವನ್ನ ಪಾಳಿ ಬಿಟ್ಟು ಮುಂದ ಕರೀತಿದ್ರು, ಕರುಣಿ. ಕರೀಬ್ಯಾಡ್ರಿ, ಪಾಳಿಯೊಳಗ ನಿಂದ್ರಲಿ ಅಂದ್ವಿ. ಪಾಳಿಯೊಳಗ ನಿಂತಾಗನ ಜನ ಅವನ ಜೋಡಿ ಮಾತಾಡಿದ್ರು, ಮಳಿ ಬೆಳಿ ಕೇಳಿದ್ರು.

ಶಿಕ್ಷಕ: ಕರುಣೆಯಿಂದ ಮುಂದೆ ಕಳಿಸಿದರೆ ಆ ಮಾತುಕತೆ ತಪ್ಪಿಹೋಗುತ್ತೆ. ಇದು ನನಗೆ ಹೊಳೆದೇ ಇರಲಿಲ್ಲ. ಆದರೆ ಅಕ್ಕಾ, ಇಷ್ಟೆಲ್ಲ ಕಲಿಸೋಕೆ ಬಿಡುವು ಯಾರಿಗಿದೆ? ತಾಯಿ ಕೂಲಿಗೆ ಹೋಗದಿದ್ದರೆ ಒಲೆ ಉರಿಯಲ್ಲ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗ್ತಾರೆ. ಮಗು ಅಜ್ಜಿ ಹತ್ತಿರ ಉಳಿಯುತ್ತೆ.

ಕಾರ್ಯಕರ್ತೆ: ಎಲ್ಲಾಕ್ಕಿಂತ ದೊಡ್ಡ ಅಡ್ಡಿ ಅದ ನೋಡ್ರಿ. ಕಣ್ಣು ಮಂಜಾದ ಅಜ್ಜಿ ಹನ್ನೆರಡು ವರ್ಷದ ಹುಡುಗನ್ನ ಎತ್ತಾಕ ಆಗಂಗಿಲ್ಲ, ಅಂವ ಹಾಸಿಗಿ ಮ್ಯಾಲ ಉಳೀತಾನ. ಅದಕ್ಕ ಇದನ್ನ ಅವ್ವನ ಕೆಲಸ ಅಂತ ಬಿಟ್ರ ಸೋತ್ವಿ. ಊರ ಹೊಣಿ ಹೊರಬೇಕು. ಪಂಚಾಯತಿ ಗ್ರಂಥಾಲಯ ಐತಲ್ಲ, ಆ ಅರಿವು ಕೇಂದ್ರದಾಗ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಐತಿ. ಸಂಜಿಮುಂದ ಒಂದು ತಾಸು ಅಲ್ಲಿ ಇವರೂ ಬರ್ಲಿ, ಪುಸ್ತಕದಾಗಿನ ಚಿತ್ರ ನೋಡ್ಲಿ, ಕೇರಂ ಆಡ್ಲಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಪಾಳಿ ಹಚ್ಚಿ ಒಬ್ಬೊಬ್ರು ಒಂದೊಂದು ದಿನ ಕರ್ಕೊಂಡು ಬಂದ್ರ ಯಾರಿಗೂ ಭಾರ ಆಗಂಗಿಲ್ಲ.

ಶಿಕ್ಷಕ: ದಾರಿಯೂ ಸರಿ ಇರಬೇಕಲ್ಲ. ಗಾಲಿಕುರ್ಚಿ ಕೊಡ್ತಾರೆ, ಅದು ಮನೆ ಮೂಲೆಯಲ್ಲಿ ಬಟ್ಟೆ ಒಣಗಿಸೋಕೆ ಬಳಕೆಯಾಗುತ್ತೆ.

ಕಾರ್ಯಕರ್ತೆ: ನಮ್ಮ ಎರಿ ಭೂಮ್ಯಾಗ ಎರಡು ಹನಿ ಮಳಿ ಬಿದ್ರ ಮುಂದಿನ ಸಣ್ಣ ಗಾಲಿ ಹುಗೀತಾವ್ರಿ, ಮಣ್ಣು ಮೆತ್ತಿ ಕಬ್ಬಿಣದಷ್ಟು ಭಾರ ಆಗ್ತಾವ. ಕುರ್ಚಿ ಕೊಡೋರು ಊರಿನ ಮಣ್ಣು ನೋಡಂಗಿಲ್ಲ. ಕೂಸಿನ ಮನಿಯಿಂದ ಸಾಲಿತನ, ಸಾಲಿಯಿಂದ ಗುಡಿತನ ಮೊರಂ ಹಾಕಿ ಹದ ಮಾಡಿದ್ರ ಸಾಕು. ಗ್ರಾಮ ಪಂಚಾಯತಿ ತನ್ನ ಅನುದಾನದಾಗ ಶೇಕಡಾ 5ರಷ್ಟು ಅಂಗವಿಕಲರ ಸಲುವಾಗಿ ತೆಗೆದಿಡಬೇಕು ಅಂತ ನಿಯಮ ಐತಿ. ಅದನ್ನ ಹೆಂಗ ಖರ್ಚು ಮಾಡ್ತೀರಿ ಅಂತ ಗ್ರಾಮಸಭೆಯೊಳಗ ಎದ್ದು ನಿಂತು ಕೇಳಬೇಕು. ಮಕ್ಕಳ ಗ್ರಾಮಸಭೆಗೆ ಈ ಮಕ್ಕಳನ್ನ ಕರ್ಕೊಂಡು ಹೋಗಬೇಕು, ಅವರ ಬಾಯಿಂದ, ಅವರ ಸನ್ನಿಯಿಂದ ಕೇಳಿಸಬೇಕು.

ಶಿಕ್ಷಕ: ಕಾನೂನು ಇನ್ನೂ ಮುಂದೆ ಹೋಗಿದೆ. 2016ರ ಕಾಯ್ದೆಯ 29ನೇ ಕಲಂ ಸಾಂಸ್ಕೃತಿಕ ಬದುಕು, ಮನರಂಜನೆಯ ಬಗ್ಗೆ ಇದೆ, 30ನೇ ಕಲಂ ಕ್ರೀಡೆಯ ಬಗ್ಗೆ. ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಈ ಮಕ್ಕಳೂ ಉಳಿದವರ ಜೊತೆ ಸಮಾನವಾಗಿ ಆಟಪಾಟದಲ್ಲಿ ಭಾಗವಹಿಸಬೇಕು ಅಂತ ಬಿಡಿಸಿ ಹೇಳಿದ್ದಾರೆ. ಪ್ರತಿಭಾ ಕಾರಂಜಿಯಲ್ಲಿ, ಶಾಲಾ ಕ್ರೀಡೆಯಲ್ಲಿ ನಾವು ಇದನ್ನು ಪಾಲಿಸಲೇಬೇಕು.

ಕಾರ್ಯಕರ್ತೆ: ಕಾಗದಪತ್ರನೂ ಮಾಡಸಬೇಕು ಸರ್, ಅದು ನನ್ನ ಕೆಲಸ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇದ್ರ ಮಾಸಾಶನಕ್ಕ, ಬಸ್ ಪಾಸಿಗೆ ದಾರಿ ಆಗ್ತೈತಿ. ರಿಯಾಯಿತಿ ಪಾಸಿನ ಮ್ಯಾಲ 100 ಕಿಲೊಮೀಟರ್ ಒಳಗ ಓಡಾಡಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರೋರಿಗೆ ನಿರಾಮಯ ವಿಮೆ ಐತಿ, 1 ಲಕ್ಷ ರೂಪಾಯಿತನ. ನಮ್ಮ ಭಾಗದಾಗ ಸಮೂಹ ಸಾಮರ್ಥ್ಯದಂಥ ಸಂಸ್ಥೆ ಮನಿ ಮನಿಗೆ ಹೋಗಿ ಈ ಕೆಲಸ ಮಾಡ್ಯಾವ. ಆದ್ರ ಕಾರ್ಡಿನಿಂದ ಗೆಳ್ಯಾರು ಸಿಗಂಗಿಲ್ಲ. ಅದಕ್ಕ ಊರ ಬೇಕು.

ಶಿಕ್ಷಕ: ಊರು ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣಿಲ್ಲದವರು. ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಪುಟ್ಟರಾಜರು 2010ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಶಿಷ್ಯರು ನಾಡಿನ ತುಂಬ ಹಾಡುಗಾರರಾಗಿ, ವಾದಕರಾಗಿ ಹರಡಿದ್ದರು.

ಕಾರ್ಯಕರ್ತೆ: ಆ ಅಜ್ಜಾರಿಗೆ ನಾವು ದಿನಾ ಕೈ ಮುಗೀತೀವಿ. ಅವರು ಮಕ್ಕಳಿಗೆ ಕೆಲಸ ಕೊಟ್ರು, ಊಟ ಅಷ್ಟ ಕೊಡಲಿಲ್ಲ. ಹಾರ್ಮೋನಿಯಂ, ತಬಲಾ, ರಂಗದ ಮ್ಯಾಲ ಪಾತ್ರ ಕೊಟ್ರು. ಜನ ತಿಕೀಟು ತಗೊಂಡು ನೋಡಾಕ ಬಂದ್ರು. ಆದ್ರ ಎಲ್ಲಾ ಮಕ್ಕಳಿಗೂ ಸಂಗೀತ ಒಲಿಯಂಗಿಲ್ಲ, ಎಲ್ಲಾರೂ ಊರು ಬಿಟ್ಟು ಆಶ್ರಮಕ್ಕ ಹೋಗಾಕ ಆಗಂಗಿಲ್ಲ. ಹಾಡಾಕ ಬರದ ಕೂಸಿಗೂ ಹುಟ್ಟಿದ ಊರಾಗ ಒಂದು ಜಾಗ ಬೇಕಲ್ರಿ?

ಶಿಕ್ಷಕ: ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಅಂಥ ಜಾಗ ಸಿಗಬಹುದಾ? 2025ರ ಜಾತ್ರೆಯಲ್ಲಿ ಗವಿಮಠ 'ಸಕಲಚೇತನ' ಅನ್ನೋ ಹೆಸರಲ್ಲಿ ಅಂಗವಿಕಲರ ವಿಷಯವನ್ನೇ ಮುಂದಿಟ್ಟುಕೊಂಡಿತ್ತು.

ಕಾರ್ಯಕರ್ತೆ: ಲಕ್ಷಗಟ್ಟಲೆ ಜನ ಸೇರೂ ಜಾತ್ರ್ಯಾಗ ಮಠ ಆ ಮಾತು ಆಡಿದ್ದು ಭಾಳ ದೊಡ್ಡದು. ಆದ್ರ ಖರೇ ಕೂಡೂ ಜಾಗ ಜಾತ್ರಿಗೂ ಮೊದಲ ನಮ್ಮ ನಮ್ಮ ಓಣ್ಯಾಗ ಐತಿ. ದಾಸೋಹಕ್ಕ ಊರೂರಿಂದ ಜ್ವಾಳದ ರೊಟ್ಟಿ ಹೋಗ್ತಾವಲ್ರಿ. ವಾರಗಟ್ಟಲೆ ಮನಿ ಮನ್ಯಾಗ ಹೆಣ್ಣುಮಕ್ಕಳು ಕೂಡಿ ರೊಟ್ಟಿ ಬಡೀತಾರ. ಹಿಟ್ಟು ನಾದೋರು, ಬಡಿಯೋರು, ಬೇಯಿಸೋರು, ಒಣಗಿಸೋರು, ಎಣಿಸಿ ಚೀಲಕ್ಕ ತುಂಬೋರು. ನಡಿಯಾಕ ಬರದ ಹುಡುಗಿ ಕುಂತಲ್ಲೆ ರೊಟ್ಟಿ ಎಣಿಸಿ ಜೋಡಸ್ತಾಳ. ಕಣ್ಣು ಕಾಣದಾಕಿ ಮುಟ್ಟಿ ನೋಡಿ ಒಣಗಿದ್ದು, ಹಸಿ ಇದ್ದದ್ದು ಬ್ಯಾರೆ ಮಾಡ್ತಾಳ. ಆ ಹೊತ್ತಿನ ಹರಟಿ, ಹಾಡು, ನಗು ಎಲ್ಲಾ ಅವರಿಗೂ ಸಿಗ್ತೈತಿ. ಟ್ರ್ಯಾಕ್ಟರ್ ಹೊರಟಾಗ 'ನಮ್ಮ ರೊಟ್ಟಿ ಹೊಂಟಾವ' ಅಂತ ಹೇಳೂ ಹಕ್ಕು ಬರ್ತೈತಿ. ಜಾತ್ರಿಗೆ ಬಂದವರಿಗೆ ಆ ಹುಡುಗಿ ಕಾಣಂಗಿಲ್ಲ, ಆದ್ರ ಅವರು ಉಂಡ ಊಟದಾಗ ಅಕಿ ಪಾಲು ಇರ್ತೈತಿ.

ಶಿಕ್ಷಕ: ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ, ಹಣ್ಣು ಕೊಟ್ಟು, ಫೋಟೊ ತೆಗೆದು ಕಳಿಸೋದನ್ನು ನೋಡಿದಾಗ ನನಗೆ ಬೇಸರವಾಗುತ್ತೆ.

ಕಾರ್ಯಕರ್ತೆ: ಆ ದಿನ ಇರ್ಲಿ ಬಿಡ್ರಿ, ನಾಲ್ಕು ಮಂದಿ ಅವ್ವಂದಿರು ಒಬ್ಬರಿಗೊಬ್ಬರು ಸಿಕ್ಕು ಮಾತಾಡ್ತಾರ, ಅದೂ ಬೇಕು. ಆದ್ರ ಅವತ್ತು ನೀರು ಕೊಡೂ ಕೆಲಸ, ಸ್ವಾಗತ ಮಾಡೂ ಕೆಲಸ, ಹಾಡೂ ಕೆಲಸ ಈ ಮಕ್ಕಳ ಮಾಡ್ಲಿ. ನಾ ಸಣ್ಣಾಕಿ ಇದ್ದಾಗ ಪಂಚಮಿಗೆ ಎಲ್ಲಾರೂ ಜೋಕಾಲಿ ಜೀಕಿದ್ರ ನನ್ನ ಕಟ್ಟಿ ಮ್ಯಾಲ ಕೂಡ್ರಿಸಿ ಕೈಯಾಗ ಉಂಡಿ ಕೊಡ್ತಿದ್ರು. ಉಂಡಿ ರುಚಿ ಇತ್ತು, ಆದ್ರ ನನಗ ಬೇಕಾಗಿದ್ದು ಜೋಕಾಲಿ. ನಮ್ಮ ಸೋದರಮಾವ ಒಂದು ವರ್ಷ ಮಣಿಗೆ ಹಗ್ಗ ಬಿಗಿದು, ಬೆನ್ನಿಗೆ ಚೀಲ ಕಟ್ಟಿ ನನ್ನ ಕೂಡ್ರಿಸಿ ತೂಗಿದ. ಅವತ್ತಿನಿಂದ ನಾ ಓಣಿ ಹುಡುಗ್ಯಾರ ಜೋಡಿ ಒಬ್ಬಾಕಿ ಆದೆ. ಒಬ್ಬ ದೊಡ್ಡವ ಮನಸ್ಸು ಮಾಡಿದ್ದಕ್ಕ ಇಷ್ಟಾತು.

ಶಿಕ್ಷಕ: ಹಾಗಾದರೆ ಸೋಮವಾರದಿಂದ ನಾನು ಎಲ್ಲಿಂದ ಶುರು ಮಾಡಲಿ?

ಕಾರ್ಯಕರ್ತೆ: ಮೊದಲ ಹುಡುಗನ ಮನಿಗೆ ಇಬ್ಬರು ಮಕ್ಕಳನ್ನ ಕರ್ಕೊಂಡು ಹೋಗ್ರಿ, ಪುಸ್ತಕ ಬ್ಯಾಡ, ಆಟದ ಸಾಮಾನು ಒಯ್ಯಿರಿ. ಅವಗ ಏನು ಸೇರ್ತೈತಿ, ಯಾವ ಕೈ ಆಡ್ತೈತಿ, ಎಷ್ಟು ಹೊತ್ತು ಕೂಡ್ರಾಕ ಆಗ್ತೈತಿ ನೋಡ್ರಿ. ವಾರಕ್ಕ ಒಂದು ದಿನ ಪ್ರಾರ್ಥನಾ ಹೊತ್ತಿಗೆ ಸಾಲಿಗೆ ಕರಸ್ರಿ. ಗಂಟಿ ಬಾರಿಸೂ ಕೆಲಸ ಅವಗ ಕೊಡ್ರಿ, ಹಗ್ಗ ಅವನ ಕೈಗೆ ಎಟುಕೂವಂಗ ಇಳಿಬಿಡ್ರಿ. ಅವ ಗಂಟಿ ಬಾರಿಸಿದ ಮ್ಯಾಲನ ಪ್ರಾರ್ಥನಾ ಆಗ್ಲಿ. ತಡ ಆದ್ರ ಆಗ್ಲಿ, ಎಲ್ಲಾರೂ ಕಾಯ್ರಿ.

ಶಿಕ್ಷಕ: ಕಾಯ್ತೇವೆ. ಊರಿನವರಿಗೆ, ನಮ್ಮ ಮಾತು ಓದುವವರಿಗೆ ಏನು ಹೇಳ್ತೀರಿ?

ಕಾರ್ಯಕರ್ತೆ: ನಿಮ್ಮ ಓಣ್ಯಾಗ ಮನಿ ಬಿಟ್ಟು ಹೊರಗ ಬರದ ಒಂದು ಕೂಸು ಐತೇನು, ತಿಳ್ಕೊಳ್ರಿ. ಮದುವಿ, ಜಾತ್ರಿ, ಶ್ರಾವಣದ ಭಜನಿ, ಗ್ರಾಮಸಭೆ, ಯಾವುದ ಇರ್ಲಿ, ಕೆಲಸ ಹಂಚೂ ಮೊದಲ ಆ ಕೂಸಿನ ಹೆಸರು ಹೇಳ್ರಿ. ಅದರ ಕೈಲೆ ಆಗೂವಂಥಾ ಒಂದು ಕೆಲಸ ತೆಗೆದಿಡ್ರಿ, ಅದನ್ನ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ. ಕೂಸು ಬರೂಕಿಂತ ಮೊದಲ ದಾರಿ ಹದ ಮಾಡ್ರಿ. ಇಷ್ಟು ಮಾಡಾಕ ಸರ್ಕಾರದ ಆದೇಶಕ್ಕ ಕಾಯೂದು ಬೇಕಾಗಿಲ್ಲ.